ವಿ-ಟ್ವಿನ್ ಗಾಡಿಯಲ್ಲಿ ಒಂದು ಸಿಲಿಂಡರ್ ಹಿಂದೆ ಬಿದ್ದರೆ: ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಟ್ವಿನ್ ಎಂದು ಹೆಸರಿದ್ದರೂ ವಿ-ಟ್ವಿನ್ ಎಂಜಿನ್‌ನಲ್ಲಿ ವಿ ಅಕ್ಷರದಂತೆ ಕೂತ ಎರಡು ಸಿಲಿಂಡರ್‌ಗಳು ಹುಟ್ಟಿನಿಂದಲೇ ಬೇರೆ ಬೇರೆ. ಮುಂದಿನದಕ್ಕೆ ಗಾಳಿ ಎದುರಿಗೇ ಬಡಿಯುತ್ತದೆ. ಹಿಂದಿನದು ಅದರ ಮರೆಯಲ್ಲಿ, ಸವಾರನ ತೊಡೆಯ ಕೆಳಗೆ ಕೂತು ಬೇಯುತ್ತದೆ. ಹೊಡೆತದ, ಅಂದರೆ ಒಳಗೆ ಪೆಟ್ರೋಲ್ ಉರಿಯುವುದರ, ಅಂತರವೂ ಸಮವಲ್ಲ. 45 ಡಿಗ್ರಿಯ ಹಾರ್ಲೆ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಹೊಡೆದು ಕ್ರ್ಯಾಂಕ್ 315 ಡಿಗ್ರಿ ತಿರುಗಿದಾಗ ಇನ್ನೊಂದು ಹೊಡೆಯುತ್ತದೆ, ಮತ್ತೆ ಮೊದಲನೆಯದರ ಪಾಳಿ ಬರಲು 405 ಡಿಗ್ರಿ ಬೇಕು. ಹ್ಯೊಸಂಗ್ ಜಿಟಿ650ಆರ್ ಅಥವಾ ಡುಕಾಟಿಯಂಥ 90 ಡಿಗ್ರಿ ಎಂಜಿನ್‌ನಲ್ಲಿ ಈ ಅಂತರ 270 ಮತ್ತು 450. ಒಂದೇ ಕಾರ್ಬರೇಟರ್ ಎರಡಕ್ಕೂ ಉಣಿಸುವ ಗಾಡಿಯಲ್ಲಂತೂ ಒಬ್ಬನ ತಟ್ಟೆಗೆ ಇನ್ನೊಬ್ಬ ಕೈ ಹಾಕಿದ ಹಾಗೆ. ಒಂದು ಎಳೆದ ಗಾಳಿಯ ಅಲೆ ಅಡಗುವ ಮೊದಲೇ ಇನ್ನೊಂದು ಎಳೆಯುತ್ತದೆ, ಹೀಗಾಗಿ ಎರಡಕ್ಕೂ ಒಂದೇ ಪಾಕ (ಗಾಳಿ-ಪೆಟ್ರೋಲ್ ಮಿಶ್ರಣ) ಸಿಗುವುದಿಲ್ಲ. ಇದು ಗೊತ್ತಿದ್ದೇ ಕೆಲವು ಎರಡು ಕಾರ್ಬರೇಟರ್ ಗಾಡಿಗಳಲ್ಲಿ ಕಂಪನಿಯವರು ಮುಂದಕ್ಕೊಂದು, ಹಿಂದಕ್ಕೊಂದು ನಂಬರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) ಕೊಟ್ಟಿರುತ್ತಾರೆ. ಇಂಜೆಕ್ಷನ್ ಇರುವ ಹಾರ್ಲೆಗಳ ಇಸಿಯುನಲ್ಲಿಯೂ (ಎಂಜಿನ್ ನಡೆಸುವ ಕಂಪ್ಯೂಟರ್) ಮುಂದಿನ ಸಿಲಿಂಡರ್‌ಗೆ, ಹಿಂದಿನ ಸಿಲಿಂಡರ್‌ಗೆ ಪೆಟ್ರೋಲ್ ಅಳತೆಯ ಬೇರೆ ಬೇರೆ ಕೋಷ್ಟಕ ಇರುತ್ತದೆ.

ಹೀಗಾಗಿ ಎರಡೂ ಸಮ ಇವೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಮೊದಲಿದ್ದ ವ್ಯತ್ಯಾಸ ಈಗ ಬದಲಾಗಿದೆಯೇ ಎಂದು ನೋಡಬೇಕು.

ಹುಡುಕುವ ಮೊದಲು ತಲೆಯಲ್ಲಿ ಎರಡು ಪಟ್ಟಿ ಮಾಡಿಕೊಳ್ಳಿ. ಟ್ಯಾಂಕಿನ ಪೆಟ್ರೋಲ್, ಫ್ಯೂಯಲ್ ಪಂಪ್, ಬ್ಯಾಟರಿ, ಏರ್ ಫಿಲ್ಟರ್ ಎರಡೂ ಸಿಲಿಂಡರ್‌ಗೆ ಸೇರಿದವು. ಪ್ಲಗ್, ಪ್ಲಗ್ ಕ್ಯಾಪ್, ಮ್ಯಾನಿಫೋಲ್ಡ್ (ಪಾಕ ಒಳಹೋಗುವ ದಾರಿ) ರಬ್ಬರ್, ಇಂಜೆಕ್ಟರ್, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ), ಬೆಂಡ್ ಪೈಪಿನ (ಹೆಡ್‌ನಿಂದ ಹೊಗೆ ಹೊರಬರುವ ಪೈಪ್) ಗ್ಯಾಸ್ಕೆಟ್ ಒಂದೊಂದಕ್ಕೆ ಸೇರಿದವು. ಒಂದೇ ಸಿಲಿಂಡರ್ ಕೈಕೊಟ್ಟಿದ್ದರೆ ಮೊದಲ ಪಟ್ಟಿಯ ಮೇಲೆ ದುಡ್ಡು ಸುರಿಯಬೇಡಿ. ಸೇಡಂ, ಮಳಖೇಡ, ವಾಡಿ ಕಡೆ ಓಡುವ ಗಾಡಿಯ ಫಿಲ್ಟರ್‌ನಲ್ಲಿ ಸಿಮೆಂಟ್ ದೂಳು ತುಂಬಿರುವುದು ನಿಜ, ಬದಲಿಸಬೇಕಾದದ್ದೂ ನಿಜ. ಆದರೆ ಆ ದೂಳು ಎರಡನ್ನೂ ಒಟ್ಟಿಗೆ ಉಸಿರುಗಟ್ಟಿಸುತ್ತದೆ, ಹಿಂದಿನದನ್ನಷ್ಟೇ ಆರಿಸಿಕೊಂಡು ಅಲ್ಲ.

ಹುಡುಕುವ ಕ್ರಮ: ಮೊದಲು ಕಿಡಿ, ಆಮೇಲೆ ಗಾಳಿ ಸೋರಿಕೆ, ಆಮೇಲೆ ಟ್ಯಾಪೆಟ್ ಮತ್ತು ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ). ಕಾರ್ಬರೇಟರ್ ಕಟ್ಟಕಡೆಗೆ. ನಮ್ಮ ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ. ಗಾಡಿ ಮಿಸ್ ಹೊಡೆದರೆ ಸಾಕು, ಮೊದಲು ಮಿಕ್ಸ್ಚರ್ ಸ್ಕ್ರೂ ತಿರುಗುತ್ತದೆ. ಸಿಂಗಲ್ ಸಿಲಿಂಡರ್ ಗಾಡಿಯಲ್ಲಿ ಅದು ಕೆಲವೊಮ್ಮೆ ನಡೆದುಹೋಗುತ್ತದೆ. ವಿ-ಟ್ವಿನ್‌ನಲ್ಲಿ ಹಾಗೆ ಮಾಡಿದರೆ ಒಂದು ದೋಷದ ಮೇಲೆ ಇನ್ನೊಂದು ಕೂತು, ಮೂಲ ಯಾವುದು ಎಂದು ಯಾರಿಗೂ ತಿಳಿಯದ ಸ್ಥಿತಿಗೆ ಬರುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು

ಶಟರ್ ಅರ್ಧ ಇಳಿಸಿದ ಅಂಗಡಿಯೊಳಗೆ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ತಲೆ ಭಾರವಾಗುವ ಹೊತ್ತಿಗೆ ತಡವಾಗಿರುತ್ತದೆ. ಗಾಡಿ ನಿಂತಲ್ಲೇ ಓಡುವಾಗ ಎದುರಿಗೆ ದೊಡ್ಡ ಫ್ಯಾನ್ ಇಡಿ, ಅದೂ ಇಲ್ಲದಿದ್ದರೆ ಗಾಳಿಯಿಂದ ತಣಿಯುವ ಎಂಜಿನ್ ಅನ್ನು ಎರಡು-ಮೂರು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ರೇಡಿಯೇಟರ್ ಮುಚ್ಚಳ ಬಿಸಿಯಿದ್ದಾಗ ತೆಗೆಯಬಾರದು. ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಾದ ಮೇಲೆಯೇ, ಇಲ್ಲದಿದ್ದರೆ ಪ್ಲಗ್ ಜೊತೆ ಹೆಡ್‌ನ ಮರೆಯೂ (ಥ್ರೆಡ್) ಕಿತ್ತು ಬರಬಹುದು. ಎಂಜಿನ್ ಓಡುತ್ತಿರುವಾಗ ಪ್ಲಗ್ ಕ್ಯಾಪ್ ಎಳೆದು "ಯಾವುದು ಹೊಡಿಲಾಕತ್ತಿಲ್ಲ ನೋಡೋಣ" ಎನ್ನುವ ಹಳೆಯ ಚಾಳಿ ಬಿಡಿ. ನಿಮಗೆ ಶಾಕ್ ಹೊಡೆಯುವುದು ಒಂದು ಕಡೆ, ಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲ್ ಅಥವಾ ಇಸಿಯು ಸುಡುವುದು ಇನ್ನೊಂದು ಕಡೆ.

ಯಾವುದು ಒಂದನೇ ಸಿಲಿಂಡರ್ ಎಂಬುದನ್ನು ಆ ಗಾಡಿಯ ಕೈಪಿಡಿ ನೋಡಿಯೇ ತೀರ್ಮಾನಿಸಿ. ಕೆಲವರು ಮುಂದಿನದಕ್ಕೆ ಒಂದು ಎನ್ನುತ್ತಾರೆ, ಯಮಾಹಾದ ವಿ-ಟ್ವಿನ್‌ಗಳಲ್ಲಿ ಹಿಂದಿನದೇ ಒಂದು. ಈ ಬರಹದಲ್ಲಿ ಗೊಂದಲ ಬೇಡವೆಂದು "ಮುಂದಿನದು", "ಹಿಂದಿನದು" ಎಂದಷ್ಟೇ ಹೇಳಲಾಗಿದೆ.

"ಸ್ಲೋದಾಗ ಒಂದೇ ಕಾಲಿನ ಮ್ಯಾಲ ನಿಂತಂಗ ಹೊಡಿತದ"

ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಸ್ಲೋದಲ್ಲಿ (ರೇಸ್ ಕೊಡದೆ ಬಿಟ್ಟಾಗ) ಮೈಯೆಲ್ಲ ನಡುಗುತ್ತದೆ. ರೇಸ್ ಕೊಟ್ಟರೆ ಶಬ್ದ ಬರುತ್ತದೆ, ಬಲ ಬರುವುದಿಲ್ಲ. ಇದು ಒಂದು ಸಿಲಿಂಡರ್ ಪೂರ್ತಿ ಸುಮ್ಮನಾದ ಲಕ್ಷಣ.

ಪುಕ್ಕಟೆ ಪರೀಕ್ಷೆಯಿಂದ ಶುರು ಮಾಡಿ. ಪೂರ್ತಿ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಕಳೆದ ಮೇಲೆ ಎರಡೂ ಬೆಂಡ್ ಪೈಪಿನ ಮೇಲೆ, ಹೆಡ್‌ನಿಂದ ನಾಲ್ಕು ಬೆರಳು ದೂರದಲ್ಲಿ, ಬೆರಳಿನಿಂದ ಎರಡೆರಡು ಹನಿ ನೀರು ಚಿಮುಕಿಸಿ. ರೊಟ್ಟಿ ಹಂಚು ಕಾಯ್ದಿದೆಯೋ ಇಲ್ಲವೋ ಎಂದು ನೋಡುವ ಹಾಗೆಯೇ. ಚುರ್ ಎಂದು ಹಾರಿಹೋದ ಕಡೆ ಸಿಲಿಂಡರ್ ಹೊಡೆಯುತ್ತಿದೆ, ಹನಿ ಸುಮ್ಮನೆ ಜಾರಿ ಇಳಿದ ಕಡೆ ಇಲ್ಲ. ಎಂಜಿನ್ ಮೊದಲೇ ಬಿಸಿಯಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಕೆಲವು ಗಾಡಿಗಳ ಬೆಂಡ್ ಪೈಪ್ ಎರಡು ಪದರದ್ದು, ಹೊರಪದರ ತಡವಾಗಿ ಕಾಯುತ್ತದೆ, ಅಲ್ಲಿ ಒಂದು ನಿಮಿಷ ಹೆಚ್ಚು ಕಾಯಿರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಹೊಳೆಯುವ ಕ್ರೋಮ್ ಮೇಲೆ ಅದು ಸುಳ್ಳು ಹೇಳುತ್ತದೆ, ಹತ್ತಿರದ ವಸ್ತುಗಳ ಪ್ರತಿಫಲನವನ್ನು ಓದಿಬಿಡುತ್ತದೆ. ಎರಡೂ ಪೈಪಿನ ಮೇಲೆ ಒಂದೇ ದೂರದಲ್ಲಿ ಶಾಖ ತಡೆಯುವ ಕಪ್ಪು ಬಣ್ಣದ ಚುಕ್ಕೆ ಹಚ್ಚಿ, ಆ ಚುಕ್ಕೆಗೇ ಗುರಿ ಇಡಿ. ಒಂದು ಕಡೆ 250, ಇನ್ನೊಂದು ಕಡೆ 90 ಡಿಗ್ರಿ ಬಂದರೆ ಹೆಚ್ಚು ಯೋಚಿಸಬೇಕಿಲ್ಲ. ಇಪ್ಪತ್ತು-ಮೂವತ್ತು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ಅದನ್ನು ದೋಷ ಎನ್ನಬೇಡಿ.

ಸುಮ್ಮನಿರುವ ಸಿಲಿಂಡರ್ ಗೊತ್ತಾದ ಮೇಲೆ ಹೊಸ ಸಾಮಾನು ತರುವ ಮೊದಲು ಅದಲು-ಬದಲು ಮಾಡಿ. ಎಂಜಿನ್ ತಣಿಸಿ, ಎರಡೂ ಪ್ಲಗ್ ಬಿಚ್ಚಿ, ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ. ದೋಷವೂ ಜಾಗ ಬದಲಿಸಿತೋ, ಪ್ಲಗ್ ಕೆಟ್ಟಿದೆ. ಅಲ್ಲೇ ನಿಂತಿತೋ, ಪ್ಲಗ್ ನಿರಪರಾಧಿ. ಇದೇ ರೀತಿ ಕ್ಯಾಪ್, ಆಮೇಲೆ ಬೇರೆ ಬೇರೆ ಕಾಯಿಲ್ ಇದ್ದರೆ ಕಾಯಿಲ್. ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ. ಎರಡು ಬದಲಿಸಿದಾಗ ಗಾಡಿ ಸರಿಹೋದರೆ ಸರಿಮಾಡಿದ್ದು ಯಾವುದೆಂದು ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಅದೇ ತೊಂದರೆ ತಿರುಗಿ ಬರುತ್ತದೆ.

ಪ್ಲಗ್ ಕೂರಿಸುವಾಗ ಮೊದಲು ಬರಿಗೈಯಲ್ಲಿ ತಿರುಗಿಸಿ, ಕೂತ ಮೇಲೆ ಪಾನಾ ಹಾಕಿ. ವಾಷರ್ ಇರುವ ಹೊಸ ಪ್ಲಗ್ ಆದರೆ ಸುಮಾರು ಅರ್ಧ ಸುತ್ತು, ಒಮ್ಮೆ ಬಳಸಿದ್ದಾದರೆ ವಾಷರ್ ಮೊದಲೇ ಚಪ್ಪಟೆಯಾಗಿರುತ್ತದೆ, ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು.

ಹಳೆಯ ಹಾರ್ಲೆಗಳಲ್ಲಿ ಒಂದೇ ಕಾಯಿಲ್‌ಗೆ ಎರಡು ವೈರ್ ಇರುತ್ತವೆ, ಎರಡೂ ಪ್ಲಗ್ ಒಂದೇ ಕ್ಷಣಕ್ಕೆ ಕಿಡಿ ಹಾರಿಸುತ್ತವೆ. ಆ ಕಾಯಿಲ್‌ನ ಕರೆಂಟ್ ಒಂದು ಪ್ಲಗ್‌ನಿಂದ ಹೋಗಿ ಇನ್ನೊಂದರಿಂದ ವಾಪಸ್ ಬರುವುದರಿಂದ, ಒಂದು ವೈರ್ ಒಳಗೇ ತುಂಡಾಗಿದ್ದರೆ ಒಳ್ಳೆಯ ಕಡೆಯ ಕಿಡಿಯೂ ಸೊರಗುತ್ತದೆ. ಇಂಥ ಗಾಡಿಯಲ್ಲಿ ಅದಲು-ಬದಲಿನ ಫಲಿತಾಂಶವನ್ನು ಅರೆಮನಸ್ಸಿನಿಂದ ನಂಬಿ. ಎರಡೂ ವೈರ್‌ಗಳ ರೆಸಿಸ್ಟೆನ್ಸ್ ಮಲ್ಟಿಮೀಟರ್‌ನಲ್ಲಿ ಅಳೆದು ಹೋಲಿಸುವುದು ಹೆಚ್ಚು ಭರವಸೆಯ ದಾರಿ.

ಇಂಜೆಕ್ಷನ್ ಗಾಡಿಯಲ್ಲಿ ಒಂದೊಂದೇ ಸಿಲಿಂಡರ್ ಓಡಿಸಿ ನೋಡಬೇಕೆಂದಿದ್ದರೆ ಪ್ಲಗ್ ಅಲ್ಲ, ಇಗ್ನಿಶನ್ ಬಂದ್ ಇದ್ದಾಗ ಆ ಕಡೆಯ ಇಂಜೆಕ್ಟರ್ ಕನೆಕ್ಟರ್ ತೆಗೆಯಿರಿ. ಕಿಡಿಯಿಲ್ಲದ ಸಿಲಿಂಡರ್‌ಗೆ ಪೆಟ್ರೋಲ್ ಹೋಗುತ್ತಲೇ ಇದ್ದರೆ ಅದು ಸುಡದೆ ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕರಗಿದರೆ ಖರ್ಚು ಪ್ಲಗ್‌ನಷ್ಟು ಇರುವುದಿಲ್ಲ. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಗಾಬರಿ ಬೇಡ. ಕನೆಕ್ಟರ್ ವಾಪಸ್ ಹಾಕಿ ಕೋಡ್ ಅಳಿಸಬಹುದು.

"ಮಳಿ ಬಂದ್ರ ಮುಂದಿನದು ಬಂದ್"

ಬೇಸಿಗೆಯಲ್ಲಿ ತಕರಾರಿಲ್ಲ. ಜೂನ್‌ನಲ್ಲಿ ಮೊದಲ ಮಳೆ ಬಿದ್ದು ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದು ಸಿಲಿಂಡರ್ ಕೈಬಿಡುತ್ತದೆ. ಒಣಗಿದ ಮೇಲೆ ತಾನೇ ಸರಿಯಾಗುತ್ತದೆ.

90 ಡಿಗ್ರಿ ಎಂಜಿನ್‌ಗಳಲ್ಲಿ ಮುಂದಿನ ಸಿಲಿಂಡರ್ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ, ಅದರ ಪ್ಲಗ್ ಮುಂಗಾಲಿಯ ಎದುರಿಗೆ ಬರುತ್ತದೆ. ಗಾಲಿ ಎರಚಿದ ನೀರು ಪ್ಲಗ್ ಕೂತಿರುವ ಗುಂಡಿಗೆ ಇಳಿಯುತ್ತದೆ. ಹೊರಗೆ ಹರಿಯಲೆಂದು ಹೆಡ್‌ನಲ್ಲಿ ಸಣ್ಣ ತೂತು ಕೊಟ್ಟಿರುತ್ತಾರೆ. ಶಹಾಪುರ, ಜೇವರ್ಗಿ ಕಡೆಯ ಎರೆಮಣ್ಣಿನ ದಾರಿಯಲ್ಲಿ ಒಂದೇ ಮಳೆಗಾಲ ಓಡಿದರೂ ಆ ತೂತು ಸಿಮೆಂಟ್ ಹಾಕಿದ ಹಾಗೆ ಮುಚ್ಚಿಹೋಗುತ್ತದೆ. ನೀರು ನಿಂತು ಕಿಡಿ ಕ್ಯಾಪ್‌ನಿಂದ ನೇರ ಹೆಡ್‌ಗೆ ಹಾರುತ್ತದೆ.

ತೆಳ್ಳನೆಯ ತಂತಿ ತೂರಿಸಿ ತೂತು ಬಿಡಿಸಿ, ಗುಂಡಿಯನ್ನು ಗಾಳಿ ಹೊಡೆದು ಒಣಗಿಸಿ. ಪ್ಲಗ್ ಬಿಚ್ಚುವ ಮೊದಲೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಗುಂಡಿಯ ಕೆಸರು ಸಿಲಿಂಡರ್ ಒಳಗೆ ಬೀಳುತ್ತದೆ. ಕ್ಯಾಪ್‌ನ ರಬ್ಬರ್ ತುಟಿ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ, ಒಳಗೆ ಚೂರು ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ ಕ್ಯಾಪ್ ಸುತ್ತ ನೀರು ಸ್ಪ್ರೇ ಮಾಡಿದರೆ ಸೋರುವ ಕಿಡಿ ನೀಲಿಯಾಗಿ ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇರಲಿ.

"ಸಿಗ್ನಲ್‌ನ್ಯಾಗ ನಿಂತಾಗ ಹಿಂದಿನದು ಬಿಟ್ಟು ಬಿಟ್ಟು ಹೊಡಿತದ"

ಕಲಬುರಗಿಯ ಮೇ ತಿಂಗಳು. ನೆರಳಿನಲ್ಲೇ 42-43 ಡಿಗ್ರಿ. ಪಟೇಲ್ ಚೌಕದಲ್ಲಿ ಎರಡು ನಿಮಿಷ ನಿಂತರೆ ದೊಡ್ಡ ಹಾರ್ಲೆಯ ಶಬ್ದ ಬದಲಾಗುತ್ತದೆ, ಒಂದು ಸಿಲಿಂಡರ್ ಸತ್ತ ಹಾಗೆ. ರೇಸ್ ಕೊಟ್ಟ ಕೂಡಲೇ ಎರಡೂ ಹೊಡೆಯುತ್ತವೆ.

ಇದು ಬಹಳ ಸಲ ದೋಷವೇ ಅಲ್ಲ. ಗಾಳಿಯಿಂದ ತಣಿಯುವ ದೊಡ್ಡ ಹಾರ್ಲೆಗಳ ಹಲವು ಮಾದರಿಗಳಲ್ಲಿ ಎಂಜಿನ್ ಅತಿಯಾಗಿ ಕಾಯ್ದಾಗ, ಗಾಡಿ ನಿಂತಿದ್ದರೆ, ಇಸಿಯು ತಾನಾಗಿ ಹಿಂದಿನ ಸಿಲಿಂಡರ್‌ಗೆ ಪೆಟ್ರೋಲ್ ನಿಲ್ಲಿಸಿ ಅದನ್ನು ಬರೀ ಗಾಳಿಯ ಪಂಪ್ ಮಾಡುತ್ತದೆ. ಸವಾರನ ತೊಡೆ ಸುಡದಿರಲಿ ಎಂಬ ವ್ಯವಸ್ಥೆ. ಇದನ್ನು ಆನ್-ಆಫ್ ಮಾಡುವ ಕ್ರಮ ಮಾಲೀಕರ ಕೈಪಿಡಿಯಲ್ಲಿದೆ. ಆಫ್ ಮಾಡಿದಾಗ ಲಕ್ಷಣ ಹೋದರೆ ಪಾನಾ ಒಳಗಿಡಿ.

ಆ ವ್ಯವಸ್ಥೆಯಿಲ್ಲದ ಗಾಡಿಯಲ್ಲಿ, ಅಥವಾ ಚಳಿಗಾಲದ ಬೆಳಿಗ್ಗೆಯೂ ಹೀಗೇ ಆಗುತ್ತಿದ್ದರೆ, ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್, ಪಿಕಪ್ ಸೆನ್ಸರ್ ಮೇಲೆ ಗುಮಾನಿ ಇಡಿ. ತಣ್ಣಗಿದ್ದಾಗ ಮೀಟರ್‌ನಲ್ಲಿ ಸರಿಯಿರುತ್ತವೆ. ತೊಂದರೆ ಕಾಣಿಸಿದ ಕೂಡಲೇ, ಬಿಸಿಯಿರುವಾಗಲೇ ಅಳೆಯಬೇಕು. ರೇಡಿಯೇಟರ್ ಇರುವ ಗಾಡಿಯಾದರೆ ಫ್ಯಾನ್ ತಿರುಗುತ್ತಿದೆಯೇ, ರೆಕ್ಕೆಗಳ ನಡುವೆ ಒಣಗಿದ ಮಣ್ಣು ತುಂಬಿದೆಯೇ ನೋಡಿ. ಹೈ ಪ್ರೆಶರ್ ವಾಟರ್ ಗನ್ ರೆಕ್ಕೆಗಳನ್ನು ಮಡಚಿಬಿಡುತ್ತದೆ, ಸಾದಾ ಪೈಪಿನಿಂದ ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ.

"ರೇಸ್ ಬಿಟ್ರೂ ಎಂಜಿನ್ ಲಗೂನ ಇಳಿಯಂಗಿಲ್ಲ, ಸೈಲೆನ್ಸರ್‌ನ್ಯಾಗ ಪಟಾಕಿ"

ಗಾಳಿ ಸೋರಿಕೆ. ಮ್ಯಾನಿಫೋಲ್ಡ್‌ನ ಒಂದು ಕಾಲಿನಿಂದ ಕಳ್ಳಗಾಳಿ ಒಳನುಗ್ಗಿ ಆ ಸಿಲಿಂಡರ್‌ನ ಪಾಕವನ್ನು ತೆಳ್ಳಗೆ ಮಾಡುತ್ತದೆ. ಸ್ಲೋದಲ್ಲಿ ಹೆಚ್ಚು ಕಾಡುತ್ತದೆ, ಏಕೆಂದರೆ ಆಗ ಎಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆ, ಅದರಲ್ಲಿ ಸೋರಿಕೆಯ ಪಾಲು ದೊಡ್ಡದು.

ಮೊದಲು ಹತ್ತು ರೂಪಾಯಿಯ ಸಾಮಾನು ನೋಡಿ: ಮ್ಯಾನಿಫೋಲ್ಡ್ ಮೇಲೆ ವ್ಯಾಕ್ಯೂಮ್ ನಳಿಗೆಯನ್ನು ಮುಚ್ಚಿರುವ ಪುಟ್ಟ ರಬ್ಬರ್ ಟೋಪಿ. ನಮ್ಮ ಬಿಸಿಲಿಗೆ ಅದು ಮೂರು-ನಾಲ್ಕು ವರ್ಷದಲ್ಲಿ ಒಣಗಿ ಬುಡದಲ್ಲಿ ಸೀಳುತ್ತದೆ, ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ತೆಗೆದು ಬೆರಳಲ್ಲಿ ಬಗ್ಗಿಸಿ ನೋಡಬೇಕು. ಎರಡರ ಪೈಕಿ ಒಂದು ಸೀಳಿದ್ದರೆ ಎರಡನ್ನೂ ಬದಲಿಸಿ.

ಆಮೇಲೆ ಸ್ಪ್ರೇ ಬಾಟಲಿಯಲ್ಲಿ ಸಾದಾ ನೀರು ತುಂಬಿ, ಎಂಜಿನ್ ಸ್ಲೋದಲ್ಲಿರುವಾಗ ಮ್ಯಾನಿಫೋಲ್ಡ್ ಜೋಡಣೆಗೆ ಒಂದೊಂದೇ ಕಡೆ ಸಣ್ಣಗೆ ಹೊಡೆಯಿರಿ. ಸೋರುವ ಜಾಗಕ್ಕೆ ನೀರು ಬಿದ್ದ ಕ್ಷಣ ಎಂಜಿನ್ ಸದ್ದು ಬದಲಾಗುತ್ತದೆ. ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಹೊಡೆದು ನೋಡುವವರಿದ್ದಾರೆ. ಫಲಿತಾಂಶ ಇನ್ನೂ ಸ್ಪಷ್ಟ ಬರುತ್ತದೆ, ಆದರೆ ಕೆಳಗೇ ಕೆಂಪಗೆ ಕಾಯ್ದ ಬೆಂಡ್ ಪೈಪ್ ಇದೆ. ಬೇಡ.

ರಬ್ಬರ್ ಮ್ಯಾನಿಫೋಲ್ಡ್ ಕ್ಲಿಪ್ ಬಿಗಿ ಮಾಡಿದ ಕೂಡಲೇ ಸರಿಯಾದರೆ ಖುಷಿಪಡಬೇಡಿ. ಗಟ್ಟಿಯಾದ ರಬ್ಬರ್ ಬಿಗಿ ಮಾಡಿದಷ್ಟೂ ಬೇಗ ಬಿರಿಯುತ್ತದೆ. ಪೆಟ್ರೋಲ್‌ನಲ್ಲಿ ಈಗ ಎಥನಾಲ್ ಪಾಲು ಶೇ 20ಕ್ಕೆ ಏರಿರುವುದು ಹಳೆಯ ಗಾಡಿಗಳ ರಬ್ಬರಿಗೆ ಇನ್ನೊಂದು ಪೆಟ್ಟು.

ಇದೇ ಎಥನಾಲ್‌ನಿಂದ ಇನ್ನೊಂದು ವಿಷಯವೂ ಬದಲಾಗಿದೆ. ಶುದ್ಧ ಪೆಟ್ರೋಲ್‌ನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಿತ್ತು, ಶೇ 20 ಎಥನಾಲ್ ಇರುವ ಇ20ಗೆ ಸುಮಾರು 13.5 ಸಾಕು. ಅಂದರೆ ಹಳೆಯ ಜೆಟ್ ಇಟ್ಟುಕೊಂಡ ಕಾರ್ಬರೇಟರ್ ಗಾಡಿ ತಾನಾಗಿಯೇ ತೆಳ್ಳಗಿನ ಪಾಕದ ಕಡೆ ಜಾರಿದೆ. ಇದು ಎರಡೂ ಸಿಲಿಂಡರ್‌ಗೆ ಸೇರಿದ್ದೇ, ಆದರೆ ಮೊದಲೇ ಬೇಯುತ್ತಿದ್ದ ಹಿಂದಿನದರಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಹಾಗೆಂದು ಹಿಂದಿನದರ ಜೆಟ್ ಮಾತ್ರ ದೊಡ್ಡದು ಮಾಡಲು ಹೋಗಬೇಡಿ, ಎರಡನ್ನೂ ಒಂದೊಂದು ನಂಬರ್ ಏರಿಸಿ ಪ್ಲಗ್ ನೋಡಿ.

"ಒಂದು ಪ್ಲಗ್ ಬೆಳ್ಳಗ, ಒಂದು ಕರ್ರಗ"

ಸ್ಲೋದಲ್ಲಿ ಹತ್ತು ನಿಮಿಷ ಓಡಿಸಿ ಬಿಚ್ಚಿದ ಪ್ಲಗ್ ಏನನ್ನೂ ಹೇಳುವುದಿಲ್ಲ. ಹುಮನಾಬಾದ್ ಹೆದ್ದಾರಿಯಂಥ ಖಾಲಿ ದಾರಿಯಲ್ಲಿ ಹತ್ತು-ಹದಿನೈದು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ರಸ್ತೆ ಬದಿಯಲ್ಲಿ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ ನಿಲ್ಲಿಸಿ. ತಣಿದ ಮೇಲೆ ಬಿಚ್ಚಿ. ಎರಡೂ ತಿಳಿ ಕಂದು ಇದ್ದು, ಹಿಂದಿನದು ಒಂದು ಛಾಯೆ ಬೆಳ್ಳಗಿದ್ದರೆ ಸಹಜ. ಎಥನಾಲ್ ಇರುವ ಪೆಟ್ರೋಲ್ ಮೊದಲಿನಷ್ಟು ಬಣ್ಣ ಹಿಡಿಸುವುದಿಲ್ಲ ಎಂಬುದೂ ನೆನಪಿರಲಿ.

ಪಿಂಗಾಣಿ ಸುಣ್ಣದಂತೆ ಬೆಳ್ಳಗಿದ್ದು ಮೇಲೆ ಉಪ್ಪಿನ ಕಾಳಿನಂಥ ಚುಕ್ಕೆಗಳಿದ್ದರೆ ಆ ಸಿಲಿಂಡರ್ ಸುಡುತ್ತಿದೆ. ಮೊದಲು ಗಾಳಿ ಸೋರಿಕೆ, ನಂತರ ಪೈಲಟ್ ಜೆಟ್ ಕಟ್ಟಿದೆಯೇ ನೋಡಿ. ಚುಕ್ಕೆ ಲೋಹದ ಹೊಳಪಿನದಾಗಿದ್ದರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ, ಅಲ್ಲಿಗೇ ನಿಲ್ಲಿಸಿ.

ಮಸಿಯಂತೆ ಒಣ ಕಪ್ಪು ಇದ್ದರೆ ಪೆಟ್ರೋಲ್ ಹೆಚ್ಚು. ಒದ್ದೆ, ಜಿಡ್ಡು ಕಪ್ಪು ಇದ್ದರೆ ಆಯಿಲ್. ಒಂದೇ ಕಡೆ ಪೆಟ್ರೋಲ್ ಹೆಚ್ಚಾಗಲು ವಿ-ಟ್ವಿನ್‌ನಲ್ಲಿ ಒಂದು ವಿಶೇಷ ಕಾರಣವಿದೆ, ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವ್ಯಾಕ್ಯೂಮ್‌ನಿಂದ ತೆರೆಯುವ ಪೆಟ್ರೋಲ್ ಕಾಕ್ ಅಥವಾ ವ್ಯಾಕ್ಯೂಮ್ ಪಂಪ್‌ನ ನಳಿಗೆ ಒಂದೇ ಸಿಲಿಂಡರ್‌ನ ಮ್ಯಾನಿಫೋಲ್ಡ್‌ಗೆ ಜೋಡಿಸಿರುತ್ತದೆ. ಒಳಗಿನ ಡಯಾಫ್ರಮ್ ತೂತಾದರೆ ಎಂಜಿನ್ ಆ ನಳಿಗೆಯಿಂದ ನೇರವಾಗಿ ಹಸಿ ಪೆಟ್ರೋಲ್ ಹೀರುತ್ತದೆ. ಕಾರ್ಬರೇಟರ್ ಎಷ್ಟು ಸಲ ತೊಳೆದರೂ ಆ ಪ್ಲಗ್ ಕಪ್ಪಗೇ ಬರುತ್ತದೆ. ಪರೀಕ್ಷೆ ಒಂದು ನಿಮಿಷದ್ದು: ಎಂಜಿನ್ ನಿಲ್ಲಿಸಿ ಆ ಸಣ್ಣ ನಳಿಗೆಯನ್ನು ಮ್ಯಾನಿಫೋಲ್ಡ್ ಕಡೆಯಿಂದ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಒದರಿ. ಅದರೊಳಗೆ ಗಾಳಿ ಬಿಟ್ಟು ಬೇರೇನೂ ಇರಬಾರದು. ಪೆಟ್ರೋಲ್ ಹನಿ ಬಿದ್ದರೆ ಕಾಕ್ ಅಥವಾ ಪಂಪ್ ಬದಲಿಸಿ. ಬದಲಿಸಿದ ಮೇಲೆ ಎಂಜಿನ್ ಆಯಿಲ್‌ನ ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಚೆಲ್ಲಿ ಹೊಸದು ಹಾಕುವವರೆಗೆ ಗಾಡಿ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗ್ ಉಳಿಸುವುದಿಲ್ಲ.

ಎರಡು ಕಾರ್ಬರೇಟರ್ ಇದ್ದರೆ ಒಂದರ ಚೋಕ್ ಪ್ಲಂಜರ್ ಪೂರ್ತಿ ಕೆಳಗೆ ಕೂರದಿರುವುದು ಇನ್ನೊಂದು ಸಾಮಾನ್ಯ ಕಾರಣ. ಕೇಬಲ್‌ನಲ್ಲಿ ಒಂದೆರಡು ಮಿಲಿಮೀಟರ್ ಸಡಿಲು ಬೇಕೇ ಬೇಕು.

ಇಂಜೆಕ್ಷನ್ ಗಾಡಿಯಲ್ಲಿ ಇದೇ ಲಕ್ಷಣ ಉಲ್ಟಾ ಕಾರಣದಿಂದ ಬರುತ್ತದೆ. ಒಂದು ಬೆಂಡ್ ಪೈಪಿನ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಆಕ್ಸಿಜನ್ ಸೆನ್ಸರ್‌ಗೆ ತಾಗಿದರೆ, ಇಸಿಯು ಆ ಸಿಲಿಂಡರ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ನಂಬಿ ಇನ್ನಷ್ಟು ಸುರಿಯುತ್ತದೆ. ಹೆಡ್ ಮತ್ತು ಪೈಪ್ ಕೂಡುವಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಇಂಜೆಕ್ಟರ್ ಮುಟ್ಟುವ ಮೊದಲು ಗ್ಯಾಸ್ಕೆಟ್ ಬದಲಿಸಿ. ಅದೂ ಸರಿಯಿದ್ದರೆ ಮುಂದಿನ ಮತ್ತು ಹಿಂದಿನ ಇಂಜೆಕ್ಟರ್ ಅದಲು-ಬದಲು. ನಿಯಮ ಅದೇ: ದೋಷ ಸಾಮಾನಿನ ಜೊತೆ ಹೋಗುತ್ತದೋ, ಸಿಲಿಂಡರ್ ಜೊತೆ ಉಳಿಯುತ್ತದೋ.

"ಸ್ಲೋ ಛಲೋ ಅದ, ಆದ್ರ ಸ್ವಲ್ಪ ರೇಸ್ ಕೊಟ್ರ ಜಗ್ಗಾಡ್ತದ"

ಎರಡು ಕಾರ್ಬರೇಟರ್ ಅಥವಾ ಎರಡು ಥ್ರಾಟಲ್ ಬಟರ್‌ಫ್ಲೈ ಇರುವ ಗಾಡಿಗಳಿಗೆ ಮಾತ್ರ ಈ ಭಾಗ. ಒಂದೇ ಥ್ರಾಟಲ್ ಬಾಡಿಯ ಹಾರ್ಲೆಗೆ ಸಿಂಕ್ ಮಾಡುವುದು (ಎರಡೂ ಕಡೆಯ ಎಳೆತ ಸಮ ಮಾಡುವುದು) ಎಂಬುದೇ ಇಲ್ಲ, ಯಾರಾದರೂ ಅದಕ್ಕೆ ಬಿಲ್ ಹಾಕಿದರೆ ಯಾವ ಸ್ಕ್ರೂ ತಿರುಗಿಸಿದಿರಿ ಎಂದು ಕೇಳಿ.

ಗೇಜ್ ಕೊಳ್ಳುವ ಬದಲು ಎರಡೂ ಕಡೆಯ ಎಳೆತ ಹೋಲಿಸುವ ಮಾನೋಮೀಟರ್ ಮನೆಯಲ್ಲೇ ಕಟ್ಟಬಹುದು. ಒಳವ್ಯಾಸ 5-6 ಮಿ.ಮೀ. ಇರುವ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಎಂಟು ಮೀಟರ್, ಬಾಗಿಲೆತ್ತರದ ಒಂದು ಹಲಗೆ. ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಎರಡೂ ಕಡೆ ಸುಮಾರು ಒಂದು ಮೀಟರ್ ಎತ್ತರಕ್ಕೆ ಬರುವಂತೆ ಟೂ-ಸ್ಟ್ರೋಕ್ ಆಯಿಲ್ ತುಂಬಿ. ತುದಿಗಳನ್ನು ಎರಡು ಮ್ಯಾನಿಫೋಲ್ಡ್‌ಗಳ ವ್ಯಾಕ್ಯೂಮ್ ನಳಿಗೆಗೆ ಸಿಕ್ಕಿಸಿ. ನಡುವೆ ಮೀನಿನ ತೊಟ್ಟಿಯ ಗಾಳಿ ಪೈಪಿಗೆ ಹಾಕುವ ಪುಟ್ಟ ವಾಲ್ವ್ ಒಂದೊಂದು ಹಾಕಿ, ಬಹುತೇಕ ಮುಚ್ಚಿಡಿ. ಅದಿಲ್ಲದಿದ್ದರೆ ಆಯಿಲ್ ಮೇಲೆ-ಕೆಳಗೆ ಕುಣಿಯುತ್ತದೆ, ಓದಲು ಬರುವುದಿಲ್ಲ. ಟೂ-ಸ್ಟ್ರೋಕ್ ಆಯಿಲ್ ಏಕೆಂದರೆ ಕೈತಪ್ಪಿ ಎಂಜಿನ್ ಒಂದಿಷ್ಟು ಹೀರಿದರೂ ಹೊಗೆಯಾಗಿ ಹೋಗುತ್ತದೆ. ಪಾದರಸ ಬೇಡವೇ ಬೇಡ.

ಎಂಜಿನ್ ಬಿಸಿ ಮಾಡಿ, ಕಿಲ್ ಸ್ವಿಚ್ ಮೇಲೆ ಹೆಬ್ಬೆರಳಿಟ್ಟು ಸ್ಟಾರ್ಟ್ ಮಾಡಿ. ಆಯಿಲ್ ಯಾವ ಕಡೆ ಏರಿತೋ ಆ ಕಡೆಯ ಎಳೆತ ಹೆಚ್ಚು, ಅಂದರೆ ಆ ಕಡೆಯ ಬಟರ್‌ಫ್ಲೈ ಹೆಚ್ಚು ಮುಚ್ಚಿದೆ. ಸಿಂಕ್ ಸ್ಕ್ರೂ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಒಮ್ಮೆ ರೇಸ್ ಕೊಟ್ಟು ಬಿಟ್ಟು, ಮತ್ತೆ ನೋಡಿ. ಕೈಪಿಡಿಗಳು ಸಾಮಾನ್ಯವಾಗಿ 20 ಮಿ.ಮೀ. ಪಾದರಸದಷ್ಟು ವ್ಯತ್ಯಾಸಕ್ಕೆ ಅವಕಾಶ ಕೊಡುತ್ತವೆ. ಆಯಿಲ್ ಪಾದರಸಕ್ಕಿಂತ ಸುಮಾರು ಹದಿನೈದೂವರೆ ಪಟ್ಟು ಹಗುರ, ಹೀಗಾಗಿ ನಿಮ್ಮ ಹಲಗೆಯ ಮೇಲೆ ಅದು 31 ಸೆಂ.ಮೀ. ಆಗಿ ಕಾಣುತ್ತದೆ! ಎರಡು ಬೆರಳು ಅಂತರ ಉಳಿದಿದೆ ಎಂದು ಅರ್ಧ ದಿನ ಗುದ್ದಾಡುವುದು ಬೇಕಿಲ್ಲ.

ಸ್ಲೋದಲ್ಲಿ ಸಮ ಬಂದು 3000 ಆರ್‌ಪಿಎಂನಲ್ಲಿ ತಪ್ಪಿದರೆ ದೋಷ ಕೇಬಲ್, ಲಿಂಕೇಜ್ ಅಥವಾ ಸವೆದ ಬಟರ್‌ಫ್ಲೈ ಶಾಫ್ಟ್‌ನದು. ಸ್ಲೋದಲ್ಲಿ ಹೊಂದದೆ 3000ದಲ್ಲಿ ತಾನೇ ಸಮವಾದರೆ ಸಿಂಕ್ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ. ಅದು ಗಾಳಿ ಸೋರಿಕೆ ಅಥವಾ ಟ್ಯಾಪೆಟ್.

ಸಿಂಕ್ ಸರಿಯಿದ್ದೂ ಜಗ್ಗಾಟ ಉಳಿದರೆ ಸಿವಿ (ಎಳೆತದಿಂದ ಸ್ಲೈಡ್ ಏರುವ) ಕಾರ್ಬರೇಟರ್‌ನ ಮೇಲಿನ ರಬ್ಬರ್ ಡಯಾಫ್ರಮ್‌ಗಳನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿದ್ದರೂ ಆ ಕಡೆಯ ಸ್ಲೈಡ್ ಪೂರ್ತಿ ಏರುವುದಿಲ್ಲ. ಜೆಟ್‌ಗಳ ಮೇಲಿನ ನಂಬರ್ ಬರೆದಿಟ್ಟುಕೊಂಡೇ ಬಿಚ್ಚಿ. ಎರಡೂ ಬೇರೆ ಇವೆಯಲ್ಲ ಎಂದು ಒಂದೇ ನಂಬರ್ ಹಾಕಿ "ಸರಿ" ಮಾಡಿದ ಗಾಡಿ ಮುಂದೆ ಎಂದೂ ಸರಿ ಓಡುವುದಿಲ್ಲ. ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಹಗುರವಾಗಿ ಒಳಗೆ ಕೂರಿಸಿ ಎಷ್ಟು ಸುತ್ತು ಎಂದು ಎಣಿಸಿ, ಮುಂದಿನದಕ್ಕೆ ಬೇರೆ, ಹಿಂದಿನದಕ್ಕೆ ಬೇರೆ ಬರೆದಿಡಿ.

"ಏರ್ನ್ಯಾಗ ಲೋಡ್ ಬಿತ್ತಂದ್ರ ಕಟಕಟ ಅಂತದ"

ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಸದ್ದು, ಹೆಚ್ಚಾಗಿ ಹಿಂದಿನ ಸಿಲಿಂಡರ್‌ನಿಂದ, ಇಬ್ಬರು ಕೂತು ಮೇಲಿನ ಗೇರಿನಲ್ಲಿ ಏರು ಹತ್ತುವಾಗ. ಇದು ನಾಕಿಂಗ್, ಪಾಕ ಹೊತ್ತಲ್ಲದ ಹೊತ್ತಿಗೆ ಸಿಡಿಯುವುದು. ಕೂಡಲೇ ಗೇರ್ ಇಳಿಸಿ, ರೇಸ್ ಕಡಿಮೆ ಮಾಡಿ. ಕಾರಣಗಳು ಕ್ರಮವಾಗಿ: ಹಳೆಯ ಅಥವಾ ಕಲಬೆರಕೆ ಪೆಟ್ರೋಲ್, ತಪ್ಪು ಹೀಟ್ ರೇಂಜ್‌ನ ಪ್ಲಗ್, ಆ ಸಿಲಿಂಡರ್‌ನ ತೆಳ್ಳಗಿನ ಪಾಕ, ಪಿಸ್ಟನ್ ತಲೆಯ ಮೇಲಿನ ಕಾರ್ಬನ್. ಪೆಟ್ರೋಲ್ ಬದಲಿಸಿ, ಸೋರಿಕೆ ಹುಡುಕಿ, ಪ್ಲಗ್ ನಂಬರ್ ತಾಳೆ ನೋಡಿದ ಮೇಲೂ ನಿಲ್ಲದಿದ್ದರೆ ಓಡಿಸುತ್ತಾ ಕಾಯಬೇಡಿ, ಪಿಸ್ಟನ್ ತೂತಾಗುತ್ತದೆ.

"ಎಲ್ಲಾ ಬದಲಿ ಮಾಡಿದ್ವಿ, ಆದ್ರೂ ಅದೇ ಸಿಲಿಂಡರ್"

ಇನ್ನು ಉಳಿದದ್ದು ಒಳಗಿನ ಲೋಹ.

ಟ್ಯಾಪೆಟ್ ಗ್ಯಾಪ್ ನೋಡಬೇಕಾದದ್ದು ತಣ್ಣನೆಯ ಎಂಜಿನ್‌ನಲ್ಲಿ, ಕೈಪಿಡಿಗಳು ಸಾಮಾನ್ಯವಾಗಿ 35 ಡಿಗ್ರಿಗಿಂತ ಕಡಿಮೆ ಎನ್ನುತ್ತವೆ. ಏಪ್ರಿಲ್ ಮಧ್ಯಾಹ್ನ ಯಾದಗಿರಿಯಲ್ಲಿ ಸುಮ್ಮನೆ ನಿಂತ ಗಾಡಿಯೂ ಅಷ್ಟು ತಣ್ಣಗಿರುವುದಿಲ್ಲ. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಆರಕ್ಕೆ ಫೀಲರ್ ಗೇಜ್ ಹಿಡಿಯಿರಿ. ನಾಲ್ಕು ವಾಲ್ವ್ ಇರುವ ಹಲವು ವಿ-ಟ್ವಿನ್‌ಗಳಲ್ಲಿ ಇನ್‌ಟೇಕ್ 0.10-0.20, ಎಕ್ಸಾಸ್ಟ್ 0.20-0.30 ಮಿ.ಮೀ. ಇರುತ್ತದೆ, ನಿಮ್ಮ ಗಾಡಿಯದು ಅದರ ಕೈಪಿಡಿಯಂತೆ. ಗ್ಯಾಪ್ ಕಡಿಮೆಯಾಗುವುದು ಹೆಚ್ಚಾಗುವುದಕ್ಕಿಂತ ಅಪಾಯಕಾರಿ. ಸದ್ದಿಲ್ಲದೆ ನಡೆಯುತ್ತದೆ, ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಡುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಒಂದು ಸಿಲಿಂಡರ್ ಸೊರಗುತ್ತದೆ ಎಂದರೆ ಅಲ್ಲೇ ಮೊದಲು ನೋಡಿ. ಹೈಡ್ರಾಲಿಕ್ ಲಿಫ್ಟರ್ ಇರುವ ಹಾರ್ಲೆಗಳಲ್ಲಿ ಈ ಗ್ಯಾಪ್ ಹೊಂದಿಸುವ ಕೆಲಸವಿಲ್ಲ.

ಕಂಪ್ರೆಶನ್ ನೋಡುವಾಗ ಎಂಜಿನ್ ಬಿಸಿ, ಎರಡೂ ಪ್ಲಗ್ ಹೊರಗೆ, ರೇಸ್ ಪೂರ್ತಿ ತೆರೆದು, ಬ್ಯಾಟರಿ ತುಂಬಿರಬೇಕು. ಪೆಟ್ರೋಲ್ ಬರದಂತೆ ಪಂಪ್ ಕನೆಕ್ಟರ್ ತೆಗೆಯಿರಿ, ಬಿಚ್ಚಿದ ಪ್ಲಗ್‌ಗಳನ್ನು ಪ್ಲಗ್ ತೂತಿನಿಂದ ದೂರ ಎಂಜಿನ್ ಲೋಹಕ್ಕೆ ತಾಗಿಸಿಡಿ. ಎರಡರ ನಡುವೆ ಶೇ 10ರೊಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಶೇ 15-20 ದಾಟಿದರೆ ಕಡಿಮೆ ಇರುವ ಕಡೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಮಲಗಿರುವ ಮುಂದಿನ ಸಿಲಿಂಡರ್‌ನಲ್ಲಿ ಆಯಿಲ್ ಒಂದೇ ಬದಿಗೆ ಜಾರುವುದರಿಂದ ಈ ಪರೀಕ್ಷೆ ಮೋಸ ಮಾಡುತ್ತದೆ. ಅಲ್ಲಿ ಸಿಲಿಂಡರ್‌ಗೆ ಗಾಳಿ ತುಂಬುವ ಲೀಕ್‌ಡೌನ್ ಟೆಸ್ಟರ್ ಹಾಕಿ ಗಾಳಿ ಎಲ್ಲಿಂದ ಸೋರುತ್ತದೆ ಎಂದು ಕಿವಿಯಿಟ್ಟು ಕೇಳುವುದೇ ಸರಿ.

ಎಲ್ಲಿ ನಿಲ್ಲಿಸಬೇಕು

ಆಯಿಲ್ ಪ್ರೆಶರ್ ದೀಪ ಹತ್ತಿದರೆ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಪ್ಲಗ್ ಮೇಲೆ ಅಲ್ಯೂಮಿನಿಯಂ ಚುಕ್ಕೆ ಕಂಡರೆ, ಎಂಜಿನ್ ಕೆಳಭಾಗದಿಂದ ಬಡಿಯುವ ಸದ್ದು ಬಂದರೆ, ಸ್ಟಾರ್ಟರ್ ಒತ್ತಿದಾಗ ಎಂಜಿನ್ ತಿರುಗದೆ ಗಕ್ಕನೆ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಕೊನೆಯದರಲ್ಲಿ ಸಿಲಿಂಡರ್ ಒಳಗೆ ಪೆಟ್ರೋಲ್ ಅಥವಾ ನೀರು ತುಂಬಿರಬಹುದು. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡುಕಾಟಿಯ ಡೆಸ್ಮೋ ವಾಲ್ವ್‌ಗಳಿಗೆ ಮುಚ್ಚಲು ಬೇರೆ, ತೆರೆಯಲು ಬೇರೆ ಗ್ಯಾಪ್ ಇರುವುದರಿಂದ ಮೊದಲ ಸಲ ಕೈಯಾಡಿಸಿ ಕಲಿಯುವ ಎಂಜಿನ್ ಅದಲ್ಲ.

ದೊಡ್ಡ ಗಾಡಿಗಳ ಸ್ಕ್ಯಾನರ್, ಲೀಕ್‌ಡೌನ್ ಟೆಸ್ಟರ್ ಹತ್ತಿರದಲ್ಲಿ ಸಿಗದಿದ್ದರೆ ಬೀದರಿನವರಿಗೆ ಹೈದರಾಬಾದ್ ಸುಮಾರು 140, ಕಲಬುರಗಿಯವರಿಗೆ ಸುಮಾರು 220 ಕಿಲೋಮೀಟರ್. ಒಂದೇ ಸಿಲಿಂಡರ್ ಮೇಲೆ ಅಷ್ಟು ದೂರ ಓಡಿಸಿಕೊಂಡು ಹೋಗುವ ಸಾಹಸ ಬೇಡ, ಟಾಟಾ ಏಸ್ ಬಾಡಿಗೆಗೆ ಹಿಡಿಯಿರಿ. ಮುಂಗಾಲಿಯನ್ನು ಕ್ಯಾಬಿನ್ ಕಡೆಯ ತಡಿಕೆಗೆ ಒತ್ತಿ, ಹ್ಯಾಂಡಲ್‌ಗಲ್ಲ, ಫೋರ್ಕ್‌ನ ಕೆಳಗಿನ ಕ್ಲಾಂಪ್‌ಗೆ ಬೆಲ್ಟ್ ಕಟ್ಟಿ, ಗೇರ್‌ನಲ್ಲಿಡಿ. ಕಾರ್ಬರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ. ಎರಡೂ ಹಳೆಯ ಪ್ಲಗ್‌ಗಳನ್ನು ಒರೆಸದೆ, "ಮುಂದಿನದು", "ಹಿಂದಿನದು" ಎಂದು ಚೀಟಿ ಅಂಟಿಸಿದ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿಕೊಡಿ. ಜೊತೆಗೆ ಏನೇನು ಅದಲು-ಬದಲು ಮಾಡಿದಿರಿ, ಸ್ಕ್ರೂ ಎಷ್ಟು ಸುತ್ತಿನಲ್ಲಿತ್ತು, ಕಂಪ್ರೆಶನ್ ಎಷ್ಟು ಬಂತು ಎಂದು ಬರೆದ ಹಾಳೆಯನ್ನೂ ಇಡಿ.